ಮರಳಿನ ಅಕ್ಕ, ಮರಳಿನ ಚಿಕ್ಕಪ್ಪ

ನನ್ನ ಭಾವ ಯಾವ ಕುರ್ಚಿಯ ಮೇಲೂ ಸುಮ್ಮನೆ ಕೂತವರಲ್ಲ. ಮೊದಲು ಬೆನ್ನು ಹಿಡಿದು ಅಲ್ಲಾಡಿಸುತ್ತಾರೆ. ಬಗ್ಗಿ ಕಾಲು ನೋಡುತ್ತಾರೆ. ಅರ್ಧ ಕೂತು, ಎದ್ದು, ಒಂದು ಗಳಿಗೆ ಕಿವಿಗೊಟ್ಟು, ಆಮೇಲೆ ಪೂರ್ತಿ ಭಾರ ಬಿಡುತ್ತಾರೆ. ಬೇರೆಯವರ ಮನೆಗೆ ಹೋದಾಗಲೂ ಇದೇ ಕಥೆ. ಆ ಮನೆಯವರು ಮುಖ ಮುಖ ನೋಡಿಕೊಂಡರೆ ಅಕ್ಕ ಗೋಡೆ ನೋಡುತ್ತಾಳೆ. ಕುಡಿಯಲು ನೀರು ಕೊಟ್ಟರೆ ಲೋಟವನ್ನು ಮೇಜಿನ ಮೇಲಿಟ್ಟು, ಮೇಜನ್ನು ಮೆಲ್ಲಗೆ ತಳ್ಳಿ, ನೀರು ಎಷ್ಟು ತುಳುಕುತ್ತದೆ ಎಂದು ನೋಡಿಯೇ ಕುಡಿಯುವುದು. ಮಕ್ಕಳು ಚಿಕ್ಕವರಿದ್ದಾಗ ತೊಟ್ಟಿಲಿಗೆ ಎಣ್ಣೆ ಬಿಟ್ಟು ಬಿಟ್ಟು ಅದು ಸದ್ದೇ ಮಾಡದ ಹಾಗಾಯಿತು. ಸದ್ದಿಲ್ಲದ ತೊಟ್ಟಿಲಲ್ಲಿ ಮಕ್ಕಳು ಮಲಗಲೊಲ್ಲವು. ಕೊನೆಗೆ ಅಕ್ಕ ತೊಟ್ಟಿಲ ಕೊಕ್ಕೆಗೆ ಒಂದು ಚಮಚ ಕಟ್ಟಿ ಸದ್ದು ಬರಿಸಿದಳು.

"ನಿನ್ನ ಗಂಡ ಸ್ವರ್ಗಕ್ಕೆ ಹೋದ್ರೂ ಬಾಗಿಲ ಕೀಲು ಅಲ್ಲಾಡಿಸಿ ನೋಡಿಯೇ ಒಳಗೆ ಕಾಲಿಡೋದು" ಎಂದು ಅಮ್ಮ ಹೇಳುತ್ತಿದ್ದಳು.

ಇಷ್ಟೆಲ್ಲ ಅನುಮಾನದ ಮನುಷ್ಯ ಜಗತ್ತಿನಲ್ಲಿ ಪರೀಕ್ಷೆ ಮಾಡದೆ ನಂಬಿದ್ದು ಒಂದನ್ನೇ, ಅಕ್ಕನ ಮಾತನ್ನು. ಆ ನಂಬಿಕೆ ಒಂದು ಸಲ ಅವರನ್ನು ಬೆಟ್ಟದ ಅರ್ಧದಾರಿಯಲ್ಲಿ ನಿಲ್ಲಿಸಿತು. ಆ ದಿನ ಕಾರಿನಲ್ಲಿ ನಾಲ್ವರಿದ್ದರು. ನಾನಿರಲಿಲ್ಲ. ಆದರೆ ಆ ನಾಲ್ವರೂ ಬೇರೆ ಬೇರೆ ದಿನ, ಬೇರೆ ಬೇರೆ ರೀತಿಯಲ್ಲಿ ನನಗೆ ಅದನ್ನು ಹೇಳಿದ್ದಾರೆ. ಎಲ್ಲರೂ ಒಪ್ಪುವುದನ್ನು ಹಾಗೇ ಬರೆಯುತ್ತೇನೆ. ಒಪ್ಪದಿರುವುದನ್ನು ಯಾರು ಹೇಳಿದ್ದು ಎಂದು ಹೇಳಿಬಿಡುತ್ತೇನೆ.

ಭಾವ ಮೊದಲು ಪಂಪಿನ ಕಾರ್ಖಾನೆಯೊಂದರ ಲಾರಿ ಓಡಿಸುತ್ತಿದ್ದರು. ಅಣ್ಣತಮ್ಮಂದಿರಿಬ್ಬರು ಸೇರಿ ನಡೆಸುತ್ತಿದ್ದ ಕಾರ್ಖಾನೆ ಅದು. ಬಾವಿಯಿಂದ ನೀರೆತ್ತುವ ಪಂಪುಗಳನ್ನು ಮಾಡುತ್ತಿದ್ದರು. ತಗಡಿನ ಮಾಡು, ಎಣ್ಣೆ ಕುಡಿದು ಕಪ್ಪಾದ ನೆಲ, ಮೂಲೆಯಲ್ಲಿ ಪಂಪು ತೂಗುವ ಆಳೆತ್ತರದ ತಕ್ಕಡಿ. ಭಾವ ಸರಕು ತುಂಬಿಕೊಂಡು ಹೊರಟರೆ ದಾರಿಯಲ್ಲಿ ಎಲ್ಲಿ ಏನು ಕಿರುಗುಟ್ಟಿದರೂ ಲಾರಿ ನಿಲ್ಲಿಸಿ, ಕೆಳಗೆ ನುಸುಳಿ, ನಟ್ಟು ಬಿಗಿಮಾಡಿಯೇ ಮುಂದೆ ಹೋಗುವುದು. ಹೀಗಾಗಿ ಎಲ್ಲಿಗೂ ಹೊತ್ತಿಗೆ ಸರಿಯಾಗಿ ತಲುಪಿದ್ದಿಲ್ಲ. ಪಂಪಿನ ವ್ಯವಹಾರ ನೋಡಿಕೊಳ್ಳುತ್ತಿದ್ದ ತಮ್ಮ ಒಂದು ದಿನ ರೇಗಿ, "ಈ ಮನುಷ್ಯ ನನಗೆ ಬೇಡ" ಎಂದರು. ಅಣ್ಣನಿಗೆ ಆಗ ಕಾರು ಮಾಡುವ ಹುಚ್ಚು ಹತ್ತಿತ್ತು. "ಬೇಡವಾದ್ರೆ ನನಗೆ ಕೊಡು" ಎಂದರು ಅವರು. "ನನಗೆ ಬೇಕಾಗಿರೋದು ಇಂಥವನೇ." ಹೀಗೆ ತಡಮಾಡಿ ಬರುವುದನ್ನೇ ಅರ್ಹತೆಯಾಗಿ ಹಿಡಿದು ಭಾವ ಕಾರು ಪರೀಕ್ಷೆ ಮಾಡುವವರಾದರು. ಕೆಲಸಗಾರರು ಅಣ್ಣನನ್ನು ಕಾರಿನ ಯಜಮಾನರು, ತಮ್ಮನನ್ನು ಪಂಪಿನ ಯಜಮಾನರು ಎಂದು ಕರೆಯುತ್ತಿದ್ದರು. ನಾನೂ ಹಾಗೇ ಕರೆಯುತ್ತೇನೆ.

ಆ ಮೊದಲನೆಯ ಕಾರಿಗೆ ಇನ್ನೂ ಹೆಸರಿರಲಿಲ್ಲ. ಎಲ್ಲರೂ ಅದನ್ನು ಚೊಚ್ಚಲು ಎನ್ನುತ್ತಿದ್ದರು. ಗುಂಡಗಿನ ದೀಪಗಳು, ಆನೆಯ ಕಿವಿಯಂತೆ ಹೊರಗೆ ಚಾಚಿದ ಮಡ್‌ಗಾರ್ಡುಗಳು. ಮೈಯೆಲ್ಲ ಬರೀ ಅಸ್ತರು, ಬಣ್ಣಕ್ಕೆ ಮೊದಲು ಹಚ್ಚುವ ಲೇಪ. ಒಂದು ಬಾಗಿಲು ಮಾತ್ರ ಹಸಿರು, ಏಕೆಂದರೆ ಪಂಪಿಗೆ ಬಳಿಯುವ ಬಣ್ಣ ಅಷ್ಟೇ ಮಿಕ್ಕಿತ್ತು. ಈಗ ಅದು ಹಳೇ ಕಾಲದ ಕಾರು ಎಂದು ಒಂದು ಕೋಣೆಯಲ್ಲಿ ಹೊದಿಕೆ ಹೊದ್ದು ನಿಂತಿದೆ. ಆಗಾಗ ಯಾರೋ ಬಂದು ಫೋಟೊ ತೆಗೆದುಕೊಂಡು ಹೋಗುತ್ತಾರೆ. ಆಗ ಅದು ಊರಿಗೆಲ್ಲ ತಮಾಷೆಯಾಗಿತ್ತು.

ಕಾರಿನ ಯಜಮಾನರ ಆಸೆ ದೊಡ್ಡದೇನಲ್ಲ. ಒಂದು ಸಾಧಾರಣ ಸಂಸಾರ ಕೂತು ಬೆಟ್ಟ ಹತ್ತಿ ಇಳಿಯಬೇಕು, ಅಷ್ಟೇ. ಹಾಗಾಗಿ ಪರೀಕ್ಷೆಗೂ ಒಂದು ಸಂಸಾರದ ತೂಕ ಬೇಕಾಯಿತು. ಸಿಮೆಂಟಿನ ಮೂಟೆ ಹಾಕಿಕೊಂಡು ಹೋಗಿ ಎಂದರು ಯಜಮಾನರು. ಭಾವ ಒಪ್ಪಲಿಲ್ಲ. ಸಿಮೆಂಟಿನ ಮೂಟೆ ಸತ್ತ ಹಾಗೆ ಬಿದ್ದಿರುತ್ತದೆ, ಸಂಸಾರ ಹಾಗಿರುವುದಿಲ್ಲ, ಅದು ತಿರುವಿನಲ್ಲಿ ವಾಲುತ್ತದೆ, ಗುಂಡಿಯಲ್ಲಿ ಕುಣಿಯುತ್ತದೆ ಎಂದು ವಾದ ಮಾಡಿದರು. ಮನುಷ್ಯರ ಆಕಾರದ್ದೇ, ಮನುಷ್ಯರ ತೂಕದ್ದೇ ಮರಳಿನ ಚೀಲಗಳಾಗಬೇಕು. ಯಾವ ಮನುಷ್ಯರದು? ಮನೆಯಲ್ಲೇ ಇದ್ದಾರಲ್ಲ.

ಮೊದಲು ಅಮ್ಮನನ್ನು ಕೇಳಿದರು. ಅಮ್ಮ ನೇರವಾಗಿ ಕಾರ್ಖಾನೆಗೆ ಹೋಗಿ, ಚಪ್ಪಲಿ ಬಿಟ್ಟು ಪಂಪಿನ ತಕ್ಕಡಿ ಹತ್ತಿ ನಿಂತಳು. "ದೇವರು ಕೊಟ್ಟಿದ್ದು, ಮುಚ್ಚಿಡೋದೇನು? ಬರ್ಕೊಳ್ಳಿ ಅಳಿಯಂದ್ರೇ" ಎಂದಳು. ಅವಳದು ಹಾಗೆ ಮುಗಿಯಿತು.

ಅಕ್ಕ ಹೋಗಲಿಲ್ಲ. "ಏನ್ರೀ, ಕಟ್ಟಿಕೊಂಡ ಹೆಂಡ್ತೀನ ಪಂಪಿನ ತಕ್ಕಡಿ ಮೇಲೆ ನಿಲ್ಲಿಸ್ತೀರಾ? ಅಷ್ಟು ಜನ ಗಂಡಸರ ಮುಂದೆ? ಬಾಯಲ್ಲೇ ಹೇಳ್ತೀನಿ, ಸಾಕು" ಎಂದು ಒಂದು ತೂಕ ಹೇಳಿದಳು. ಪಕ್ಕದಲ್ಲಿ ಕಾಳು ಆರಿಸುತ್ತಿದ್ದ ಅಮ್ಮನಿಗೆ ಸರಿಯಾಗಿ ಆ ಹೊತ್ತಿಗೆ ಕೆಮ್ಮು ಬಂತು. ಭಾವ ಎದ್ದು ಹೋಗಿ ಅವಳಿಗೆ ನೀರು ತಂದುಕೊಟ್ಟರೇ ಹೊರತು ಕೆಮ್ಮಿನ ಬಗ್ಗೆ ಯೋಚನೆ ಮಾಡಲಿಲ್ಲ.

ಮೂರನೆಯವರು ಚಿಕ್ಕಪ್ಪ. ನಮ್ಮ ತಂದೆಯ ತಮ್ಮ, ದರ್ಜಿ. ಬೀದಿಯ ಮೂಲೆಯಲ್ಲಿ ಅವರ ಅಂಗಡಿ. ಕುತ್ತಿಗೆಯಲ್ಲಿ ಸದಾ ಅಳತೆಪಟ್ಟಿ. ಅವರೂ ಆ ಪಟ್ಟಿಯಷ್ಟೇ ತೆಳ್ಳಗಿದ್ದರು.

"ನಿಮ್ಮ ತೂಕ ಎಷ್ಟು ಮಾವ?" ಎಂದು ಕೇಳಿದರು ಭಾವ.

"ಯಾಕೆ, ಹೊರೋಕೆ ನಾಲ್ಕು ಜನ ಸಿಕ್ಕಿದ್ರಾ?"

"ಅಯ್ಯೋ ಬಿಡ್ತು ಅನ್ನಿ. ಚೀಲ ಹೊಲೀಬೇಕು, ಅದಕ್ಕೆ."

ಚಿಕ್ಕಪ್ಪ ಎದೆಯುಬ್ಬಿಸಿ ಒಂದು ತೂಕ ಹೇಳಿದರು. ಅಷ್ಟು ತೂಕದವನು ಕುಸ್ತಿಗೂ ಹೋಗಬಹುದಿತ್ತು. ಭಾವ ಅವರನ್ನು ಮೇಲಿಂದ ಕೆಳಗೆ ನೋಡಿದರು. "ಮೂಳೆ ಗಟ್ಟಿ" ಎಂದು ಚಿಕ್ಕಪ್ಪ ಸೇರಿಸಿದರು. ಹೆಂಡತಿಯ ಚಿಕ್ಕಪ್ಪನ ಮಾತೂ ಹೆಂಡತಿಯ ಮಾತಿನ ಲೆಕ್ಕಕ್ಕೇ ಸೇರುತ್ತದೆ ಎಂದುಕೊಂಡರೋ ಏನೋ, ಭಾವ ಅದನ್ನೂ ನಂಬಿದರು.

ಚೀಲಗಳನ್ನು ಹೊಲಿದವರೂ ಚಿಕ್ಕಪ್ಪನೇ. ದಪ್ಪ ಕ್ಯಾನ್ವಾಸಿನಲ್ಲಿ ತಲೆ, ಭುಜ, ಸೊಂಟ ಎಲ್ಲ ಇಟ್ಟು ಚೆಂದವಾಗಿ ಹೊಲಿದರು. ಅಕ್ಕನ ಬಟ್ಟೆ ಹೊಲಿಯುವವರು ಅವರು. ವರ್ಷ ವರ್ಷ ಆ ಹೊಲಿಗೆ ಬಿಚ್ಚಿ ಸಡಿಲ ಮಾಡಿಕೊಡುವವರೂ ಅವರೇ. ಅಕ್ಕ ಹೇಳಿದ ತೂಕದ ಚೀಲಕ್ಕೆ ಅಷ್ಟು ಸಣ್ಣ ಸೊಂಟ ಇಡುವಾಗ ಅವರಿಗೆ ಗೊತ್ತಾಗದೆ ಇರುತ್ತದೆಯೇ? ಆದರೂ ತುಟಿ ಬಿಚ್ಚಲಿಲ್ಲ. "ಹೆಣ್ಣುಮಕ್ಕಳ ಅಳತೆ ಬಾಯಿಬಿಟ್ಟ ದಿನ ದರ್ಜಿ ಅಂಗಡಿ ಮುಚ್ಚಬೇಕಾಗುತ್ತೆ ಕಣಮ್ಮ" ಎಂದು ನನ್ನ ಹತ್ತಿರ ಆಮೇಲೆ ಹೇಳಿದರು. ತಮ್ಮ ಚೀಲದ ಭುಜವನ್ನು ಅಷ್ಟು ಅಗಲ ಇಟ್ಟದ್ದೇಕೆ ಎಂದು ಕೇಳಿದರೆ ಮಾತ್ರ ಸೂಜಿಗೆ ದಾರ ಪೋಣಿಸುತ್ತ ಕೂತುಬಿಟ್ಟರು.

ಹೀಗೆ ಒಂದು ಮರಳಿನ ಸಂಸಾರ ತಯಾರಾಯಿತು. ಮುಂದೆ ಭಾವನ ಎಡಕ್ಕೆ ಮರಳಿನ ಅಮ್ಮ. ಹಿಂದೆ ಎಡಗಡೆ ಮರಳಿನ ಅಕ್ಕ, ಬಲಗಡೆ ಮರಳಿನ ಚಿಕ್ಕಪ್ಪ. ಒಂದು ಹಳೇ ಟೋಪಿಯನ್ನು ಮರಳಿನ ಚಿಕ್ಕಪ್ಪನ ತಲೆಗೆ ಕೆಲಸಗಾರರು ಹಾಕಿದರು. ಭಾವ ಬೆಳಗಾದರೆ ಈ ಮೂವರನ್ನು ಕೂರಿಸಿಕೊಂಡು ಬೆಟ್ಟ ಹತ್ತುವುದು, ಇಳಿಯುವುದು, ಏನೋ ಬಿಚ್ಚುವುದು, ಏನೋ ಕಟ್ಟುವುದು, ಮತ್ತೆ ಹತ್ತುವುದು. ಮಳೆಗಾಲ ಕಳೆದು ಚಳಿ ಬಂದು ಅದೂ ಕಳೆಯಿತು. ಬೆಟ್ಟದ ಅರ್ಧದಾರಿಯಲ್ಲಿ ಒಂದು ನೀರಿನ ತೊಟ್ಟಿ ಇದೆ. ಹತ್ತುವ ಗಾಡಿಗಳೆಲ್ಲ ಅಲ್ಲಿ ನಿಂತು ರೇಡಿಯೇಟರಿಗೆ ನೀರು ಹಾಕಿಕೊಳ್ಳುತ್ತವೆ. ಪಕ್ಕದಲ್ಲಿ ಚಹಾದಂಗಡಿ. ಅದನ್ನು ನಡೆಸುತ್ತಿದ್ದ ಹೆಂಗಸಿಗೆ ಕಣ್ಣು ಸ್ವಲ್ಪ ಮಂಜು. "ನೀವೊಬ್ಬರೇ ಇಳಿದು ಚಹಾ ಕುಡೀತೀರಲ್ಲ, ಮನೆಯವರಿಗೆ ಬೇಡ್ವಾ?" ಎಂದು ಎಷ್ಟೋ ದಿನ ಕೇಳಿದಳಂತೆ. "ಅವರು ಏನೂ ತಗೊಳ್ಳಲ್ಲ" ಎನ್ನುತ್ತಿದ್ದರು ಭಾವ. ಇಷ್ಟು ಹದವಾದ ಸಂಸಾರವನ್ನು ತಾನು ಕಂಡಿಲ್ಲ ಎಂದು ಅವಳು ಬೇರೆ ಡ್ರೈವರುಗಳ ಹತ್ತಿರ ಹೇಳುತ್ತಿದ್ದಳು.

ಅಕ್ಕನ ಹೊಟ್ಟೆಯುರಿ ಬೇರೆ. "ಆ ಮರಳಿನವಳ ಜೊತೆ ದಿನಾ ಬೆಟ್ಟ ಸುತ್ತುತ್ತಾರೆ. ನನ್ನನ್ನ ಒಂದು ದಿನ ಕರ್ಕೊಂಡು ಹೋಗಿಲ್ಲ. ಅವಳು ಎದುರು ಮಾತಾಡಲ್ಲ ಅಲ್ವಾ, ಅದಕ್ಕೆ" ಎನ್ನುವಳು.

ಈಗ ಆದ ತಪ್ಪನ್ನು ಹೇಳಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಮರಳಿನವರನ್ನು ಕೂರಿಸಿದಾಗ ಕಾರು ಬಲಕ್ಕೆ ವಾಲುತ್ತಿತ್ತು. ಬಲಗಡೆ ಭಾವ, ಅವರ ಹಿಂದೆ ಆ ಕುಸ್ತಿಯ ಚಿಕ್ಕಪ್ಪ. ವಾಲದೆ ಏನು ಮಾಡೀತು? ಭಾವ ಕಾರನ್ನು ನೇರ ಮಾಡಲು ಹಿಂದಿನ ಬಲ ಚಕ್ರದ ಸ್ಪ್ರಿಂಗಿಗೆ ಒಂದು ಉಕ್ಕಿನ ಪಟ್ಟಿ ಸೇರಿಸಿದರು, ಎಡ ಚಕ್ರದಿಂದ ಒಂದು ಪಟ್ಟಿ ತೆಗೆದರು. ಕಾರು ನೀರು ತುಂಬಿದ ತಟ್ಟೆಯ ಹಾಗೆ ಸಮನಾಗಿ ನಿಂತಿತು. ಬೆಟ್ಟವನ್ನು ಸದ್ದಿಲ್ಲದೆ ಹತ್ತಿತು. ಭಾವ ಕುಣಿದಾಡಿದರು. ಅಂದರೆ, ಅವರ ಮಟ್ಟಿಗೆ ಕುಣಿದಾಟ ಎಂದರೆ ಆ ರಾತ್ರಿ ಊಟಕ್ಕೆ ಕೂರುವಾಗ ಮಣೆಯನ್ನು ಅಲ್ಲಾಡಿಸಿ ನೋಡಲಿಲ್ಲ.

ಅದೇ ಹೊತ್ತಿಗೆ ಪಂಪಿನ ಯಜಮಾನರ ತಾಳ್ಮೆ ಮುಗಿಯಿತು. ಕಾರಿಗಾಗಿ ಅರ್ಧ ಶೆಡ್ಡು ಹೋಗಿತ್ತು, ಪಂಪು ಇಡಲು ಜಾಗವಿರಲಿಲ್ಲ. ಅಣ್ಣತಮ್ಮಂದಿರು ಕೆಲಸಗಾರರೆಲ್ಲರ ಮುಂದೆ ಒಂದು ಮಾತಿಗೆ ಬಂದರು. "ನಿಮ್ಮ ಮೂಟೆಗಳು ಬೇಡ. ಜೀವ ಇರೋ ಸಂಸಾರ ಕೂರಲಿ. ಬೆಟ್ಟದ ತುದಿವರೆಗೂ ಹೋಗಲಿ. ನಾನು ಹಿಂದೆ ಲಾರಿಯಲ್ಲಿ ಬರ್ತೀನಿ. ಹತ್ತಿದರೆ ಕಾರು ಮಾಡಿ, ನಾನು ಅಡ್ಡ ಬರಲ್ಲ. ಹತ್ತದಿದ್ರೆ ಹಗ್ಗ ಕಟ್ಟಿ ಎಳ್ಕೊಂಡು ಬರ್ತೀನಿ, ನಾಳೆಯಿಂದ ಆ ಜಾಗದಲ್ಲಿ ಪಂಪು" ಎಂದರು ತಮ್ಮ. ಅಣ್ಣ ತಲೆಯಾಡಿಸಿದರು. ಭಾವನಿಗೆ ಗೊತ್ತಿತ್ತು, ಹತ್ತದಿದ್ದರೆ ಚೊಚ್ಚಲೇ ಕಡೆಗೂಸು, ತಾವು ಮತ್ತೆ ಲಾರಿಗೆ. "ನಾನು ಸರಿ ಅಂತ ಹೇಳಿದ್ದು ಒಂದಾದ್ರೂ ಈ ಲೋಕದಲ್ಲಿ ಓಡಬೇಕು" ಎಂದು ಅವರು ಹಿಂದಿನ ದಿನ ನನ್ನ ಹತ್ತಿರ ಹೇಳಿದ್ದರು. ನಾನು ದೇವರ ಮುಂದೆ ಅವರಿಗಾಗಿ ಒಂದು ಮಾತು ಹೆಚ್ಚು ಹೇಳಿಕೊಂಡೆ.

ಜೀವ ಇರುವ ಸಂಸಾರ ಎಂದರೆ ಮರಳಿನವರ ಮೂಲದವರೇ. ಅಮ್ಮ ಮಡಿಲಲ್ಲಿ ಬುತ್ತಿಯ ಡಬ್ಬಿ ಇಟ್ಟುಕೊಂಡು ಮುಂದೆ ಕೂತಳು. ಚಿಕ್ಕಪ್ಪ ಇಸ್ತ್ರಿ ಮಾಡಿದ ಕೋಟು ಹಾಕಿಕೊಂಡು ಬಂದರು. ಅಕ್ಕನಿಗೆ ಆಳ ಕಂಡರೆ ತಲೆ ತಿರುಗುತ್ತದೆ, ಬಾವಿಯನ್ನೇ ಬಗ್ಗಿ ನೋಡಿದವಳಲ್ಲ. ಬೆಟ್ಟದ ಮೇಲಿನ ಅರ್ಧ ದಾರಿ ಹೇಗಿದೆಯೆಂದರೆ, ಹತ್ತುವಾಗ ಎಡಕ್ಕೆ ಬಂಡೆ, ಬಲಕ್ಕೆ ಪ್ರಪಾತ. ಹಿಂದೆ ಎಡಗಡೆ ಕೂರು ಎಂದು ಗಂಡ ಹೇಳಿದಾಗ ಅವಳಿಗೆ ಎಷ್ಟು ಖುಷಿಯಾಯಿತೆಂದರೆ, ಇದು ತನ್ನ ಮೇಲಿನ ಪ್ರೀತಿಯಿಂದ ಮಾಡಿದ ಏರ್ಪಾಡು ಎಂದೇ ತಿಳಿದಳು. ಅವಳು ಕೂತಾಗ ಕಾರು ಎಡಕ್ಕೆ ಕುಸಿದದ್ದನ್ನು ಭಾವ ನೋಡಿದರು. ಅಂಗಳದ ನೆಲ ಓರೆಯಾಗಿದೆ ಎಂದುಕೊಂಡರು. ನೆಲದ ಮೇಲೆ ಅನುಮಾನ ಬಂತು, ನೋಡಿ.

ಊರು ದಾಟಿ ಏರು ಶುರುವಾಯಿತು. ಮೊದಲ ಬಲ ತಿರುವಿನಲ್ಲೇ ಹಿಂದಿನಿಂದ ಕರ್ರ್ ಎಂದಿತು.

"ಅದೇನು, ಬೆಕ್ಕು ಸಿಕ್ಕಿಕೊಂಡಿದೆಯಾ?" ಎಂದಳು ಅಮ್ಮ.

"ಎಣ್ಣೆ ಇಲ್ದಿರೋ ಹೊಲಿಗೆ ಮೆಷಿನಿನ ಸದ್ದು ಇದು. ನಮ್ಮ ಅಂಗಡಿಯಲ್ಲೂ ಬರುತ್ತೆ" ಎಂದರು ಚಿಕ್ಕಪ್ಪ.

"ಯಾರೂ ಮಾತಾಡ್ಬೇಡಿ. ನಾನು ಕೇಳಿಸ್ಕೋತಾ ಇದ್ದೀನಿ" ಎಂದರು ಭಾವ.

"ಅಭ್ಯಾಸ ತಪ್ಪಿದೆ ಇವರಿಗೆ" ಎಂದಳು ಅಕ್ಕ. "ಮರಳಿನವಳು ತೆಪ್ಪಗೆ ಕೂತಿರ್ತಿದ್ದಳಲ್ಲ."

ಮುಂದಿನ ಬಲ ತಿರುವಿನಲ್ಲಿ ಮತ್ತೆ ಕರ್ರ್. ಅದರ ಮುಂದಿನದರಲ್ಲಿ ಇನ್ನೂ ಉದ್ದಕ್ಕೆ. ಸುಟ್ಟ ರಬ್ಬರಿನ ವಾಸನೆ ಬಂತು. ಅಮ್ಮ ಡಬ್ಬಿ ತೆರೆದು ಬುತ್ತಿ ಸೀದಿಲ್ಲವೆಂದು ಖಾತ್ರಿ ಮಾಡಿಕೊಂಡಳು. ಹಿಂದೆ ಬರುತ್ತಿದ್ದ ಲಾರಿ ಹಾರ್ನ್ ಮೇಲೆ ಹಾರ್ನ್ ಹಾಕಿತು. ಚೊಚ್ಚಲಿನ ಹಿಂದಿನ ಚಕ್ರದಿಂದ ಹೊಗೆ ಬರುತ್ತಿರುವುದು ಪಂಪಿನ ಯಜಮಾನರಿಗೆ ಚೆನ್ನಾಗಿ ಕಾಣುತ್ತಿತ್ತಂತೆ.

ನೀರಿನ ತೊಟ್ಟಿಯ ಹತ್ತಿರ ಭಾವ ನಿಲ್ಲಿಸಿದರು. ಎಲ್ಲರನ್ನೂ ಇಳಿಸಿ ಹಿಂದಿನ ಎಡ ಚಕ್ರದ ಬಳಿ ಮಂಡಿಯೂರಿದರು. ಟೈರು ಮಡ್‌ಗಾರ್ಡಿನ ಒಳಬದಿಗೆ ಉಜ್ಜಿ ಉಜ್ಜಿ ಒಂದು ಪಟ್ಟೆಯಷ್ಟು ನುಣ್ಣಗೆ ಸವೆದಿತ್ತು. ಹೀಗೇ ಮುಂದೆ ಹೋದರೆ ತುದಿ ಮುಟ್ಟುವ ಮೊದಲೇ ಟೈರು ಒಡೆಯುವುದು ಖಂಡಿತ. ಆದರೆ ಈಗ ಯಾರೂ ಇಲ್ಲದ ಕಾರು ನೋಡಿದರೆ ಟೈರಿಗೂ ಮಡ್‌ಗಾರ್ಡಿಗೂ ನಡುವೆ ಬೇಕಾದಷ್ಟು ಜಾಗ ಇದೆ.

"ಮಾವ, ಸ್ವಲ್ಪ ಹತ್ತಿ ಕೂತ್ಕೊಳ್ಳಿ."

ಚಿಕ್ಕಪ್ಪ ಹತ್ತಿ ಬಲಗಡೆ ಕೂತರು. ಸ್ಪ್ರಿಂಗಿಗೆ ಅದು ಗೊತ್ತೇ ಆಗಲಿಲ್ಲ. ಹಕ್ಕಿ ಕೂತ ಹಾಗಿತ್ತು.

"ಇವಳೇ, ನೀನೂ ಸ್ವಲ್ಪ ಹತ್ತು."

ಅಕ್ಕ ಹತ್ತಿ ಎಡಗಡೆ ಕೂತಳು. ಸ್ಪ್ರಿಂಗು ನಿಟ್ಟುಸಿರು ಬಿಟ್ಟು ಪೂರ್ತಿ ಚಪ್ಪಟೆಯಾಯಿತು.

ಭಾವ ಹಾಗೇ ಮಂಡಿಯೂರಿಯೇ ಇದ್ದರು. ಅವರಿಗೆ ಎಲ್ಲ ಒಟ್ಟಿಗೆ ಗೊತ್ತಾಯಿತು. ಅಕ್ಕ ಹೇಳಿದ್ದು ಹೆಚ್ಚು ಕಡಿಮೆ ಚಿಕ್ಕಪ್ಪನ ತೂಕ, ಚಿಕ್ಕಪ್ಪ ಹೇಳಿದ್ದು ಅಕ್ಕನ ತೂಕ. ಇಬ್ಬರೂ ಜಾಗ ಬದಲಿಸಿ ಕೂತರೆ ಸಾಕು, ಕಾರು ನೆಟ್ಟಗಾಗುತ್ತದೆ, ಮರಳಿನವರನ್ನು ಹತ್ತಿಸಿದ ಹಾಗೇ ಇವರನ್ನೂ ಹತ್ತಿಸುತ್ತದೆ. ರೋಗ ಗೊತ್ತು, ಮದ್ದು ಗೊತ್ತು. ಆದರೆ ಆ ಮದ್ದನ್ನು ಬಾಯಿಬಿಟ್ಟು ಹೇಳುವುದು ಹೇಗೆ? ನೀನು ಹೇಳಿದ್ದಕ್ಕಿಂತ ಭಾರವಾಗಿದ್ದೀ ಎಂದು ಹೆಂಡತಿಗೆ, ಅವಳ ತಾಯಿಯ ಮುಂದೆ, ಚಹಾದಂಗಡಿಯವಳ ಮುಂದೆ, ಇನ್ನೇನು ಬಂದು ನಿಲ್ಲುವ ಇಬ್ಬರು ಯಜಮಾನರ ಮುಂದೆ? ಕಾರು ಹೋದರೆ ಕೆಲಸ ಹೋಗುತ್ತದೆ. ಇದನ್ನು ಹೇಳಿದರೆ ಮನೆಯಲ್ಲಿ ಏನೇನು ಹೋಗುತ್ತದೋ.

ಅವರು ಎದ್ದು ಕೈ ಒರೆಸಿಕೊಂಡರು.

"ಇವಳೇ, ಬಲಗಡೆ ಕೂತ್ಕೋ. ಅಲ್ಲಿಂದ ನೋಟ ಚೆನ್ನಾಗಿರುತ್ತೆ."

"ಯಾವ ನೋಟ? ಪ್ರಪಾತದ್ದಾ? ಬೇಡಪ್ಪ."

"ಅಲ್ಲ, ಗಾಳಿ ಚೆನ್ನಾಗಿ ಬರುತ್ತೆ."

"ನನಗೆ ಚಳಿ ಆಗ್ತಿದೆ."

"ಅದೇ, ಆ ಕಡೆ ಬಿಸಿಲು ಬರುತ್ತೆ."

"ಗಾಳೀನೂ ಅಲ್ಲೇ, ಬಿಸಿಲೂ ಅಲ್ಲೇನಾ?" ಅಕ್ಕ ಅವರ ಮುಖ ನೋಡಿದಳು, ಆಮೇಲೆ ಕೈ ನೋಡಿದಳು. ಭಾವ ಇನ್ನೂ ಕೈ ಒರೆಸುತ್ತಲೇ ಇದ್ದರು. ಕೈಯಲ್ಲಿ ಎಣ್ಣೆಯ ಕಲೆ ಒಂದೂ ಇರಲಿಲ್ಲ. ಸುಳ್ಳು ಹೇಳುವಾಗ ಆ ಮನುಷ್ಯ ಕೈ ಒರೆಸಿಕೊಳ್ಳುತ್ತಾರೆ, ಅದು ಅಕ್ಕನಿಗೆ ಮದುವೆಯಾದ ವರ್ಷವೇ ಗೊತ್ತಾಗಿತ್ತು. ಅವಳು ಸ್ಪ್ರಿಂಗಿನ ಕಡೆ ನೋಡಿದಳು. ಕಾರಿನಿಂದ ಇಳಿದಳು, ಸ್ಪ್ರಿಂಗು ಎದ್ದಿತು. ಒಂದು ಕಾಲು ಮೆಟ್ಟಿಲ ಮೇಲೆ ಇಟ್ಟಳು, ಕುಸಿಯಿತು. ಕಾಲು ತೆಗೆದಳು, ಎದ್ದಿತು.

ಇಷ್ಟರಲ್ಲಿ ಲಾರಿ ಬಂದು ನಿಂತಿತು. ಪಂಪಿನ ಯಜಮಾನರು ಇಳಿಯುವಾಗಲೇ ಹಗ್ಗ ಕೈಯಲ್ಲಿ ಹಿಡಿದಿದ್ದರು. ಹಿಂದೆ ಕಾರಿನ ಯಜಮಾನರು ಬಣ್ಣಗೆಟ್ಟ ಮುಖದಲ್ಲಿ ಇಳಿದರು.

"ಮುಗೀತಲ್ಲ?" ಎಂದರು ತಮ್ಮ. "ಏನಾಗಿದೆ ಇದಕ್ಕೆ?"

ಭಾವ ಬಾಯಿ ತೆರೆದರು. ಅಕ್ಕನನ್ನು ನೋಡಿದರು. ಬಾಯಿ ಮುಚ್ಚಿದರು. "ನನ್ನ ಲೆಕ್ಕ ತಪ್ಪಿದೆ ಯಜಮಾನ್ರೇ" ಎಂದು ಕೈ ಒರೆಸುವ ಬಟ್ಟೆ ಹಿಂಡುತ್ತ ನಿಂತರು.

"ಹಾಗಾದ್ರೆ ಹಗ್ಗ ಕಟ್ಟಿ."

ಹಗ್ಗದ ತುದಿ ಚೊಚ್ಚಲಿನ ಮುಂದಿನ ಕೊಕ್ಕೆಗೆ ಹೋಗುತ್ತಿತ್ತು. ಆಗ ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ ಅಡ್ಡ ಬಂದಳು. ಆ ಸೊಂಟಕ್ಕೇ, ಎಂದು ಚಿಕ್ಕಪ್ಪ ಹೇಳುವಾಗಲೆಲ್ಲ ಸೇರಿಸುತ್ತಾರೆ.

"ನಿಲ್ಲಿ ಯಜಮಾನ್ರೇ. ಇವರ ಲೆಕ್ಕ ಸರಿಯಾಗೇ ಇದೆ. ನಾನು ಹೇಳಿದ್ದು ತಪ್ಪು. ನನ್ನ ತೂಕ ಎಷ್ಟು ಅಂತ ಕೇಳಿದ್ರು. ನಾನು ಮದುವೆಯಾದಾಗ ಇದ್ದದ್ದು ಹೇಳಿದೆ. ಆಮೇಲೆ ಎರಡು ಹೆತ್ತಿದ್ದೀನಿ, ಇವರು ಬಿಟ್ಟ ಅನ್ನ ಎಲ್ಲ ತಿಂದಿದ್ದೀನಿ. ಕಾರಿಗೆ ಅದೆಲ್ಲ ಹೇಗೆ ಗೊತ್ತಾಗಬೇಕು ಪಾಪ? ನಾನು ಆ ಕಡೆ ಕೂತರೆ ಸರಿಹೋಗುತ್ತೆ. ಅಷ್ಟೇ."

ಚಹಾದಂಗಡಿಯವಳು ಹತ್ತಿರ ಬಂದು ಅಕ್ಕನನ್ನು ಕಣ್ಣು ಕಿರಿದು ಮಾಡಿ ನೋಡಿ, "ಅಯ್ಯೋ, ಇಷ್ಟು ದಿನ ಮಾತೇ ಆಡ್ತಿರಲಿಲ್ಲ ಇವರು!" ಎಂದಳು.

ಅಮ್ಮ ನಿಧಾನವಾಗಿ ಮೈದುನನ ಕಡೆ ತಿರುಗಿದಳು. "ಅವಳು ಕಡಿಮೆ ಹೇಳಿದ್ದಕ್ಕೆ ಇಷ್ಟು ವಾಲಲ್ಲ. ನೀನೆಷ್ಟು ಹೇಳಿದ್ದೆಯಪ್ಪ?"

"ನಾನು ತೂಗಿಸಿದ್ದು ಚಳಿಗಾಲದಲ್ಲಿ ಅತ್ತಿಗೆ. ಕೋಟು ಹಾಕ್ಕೊಂಡಿದ್ದೆ."

"ಕೋಟಿನ ಜೇಬಲ್ಲಿ ಇಸ್ತ್ರಿಪೆಟ್ಟಿಗೆ ಇತ್ತಾ?"

ಪಂಪಿನ ಯಜಮಾನರು ನಕ್ಕದ್ದನ್ನು ಅವತ್ತಿನವರೆಗೆ ಯಾರೂ ನೋಡಿರಲಿಲ್ಲ. ನಗು ಎಲ್ಲಿಂದ ಬರುತ್ತದೆಂದು ಅವರಿಗೂ ಸರಿಯಾಗಿ ಗೊತ್ತಿರಲಿಲ್ಲವೇನೋ, ಮೊದಲು ಕೆಮ್ಮಿನ ಹಾಗೆ ಶುರುವಾಯಿತು. ನಗುತ್ತ ನಗುತ್ತ ತೊಟ್ಟಿಯ ಕಟ್ಟೆಯ ಮೇಲೆ ಕೂತರು. ಕಣ್ಣೊರೆಸಿಕೊಂಡು ಕೇಳಿದರು:

"ಅಂದ್ರೆ ಇದು ಊರ ಜನಕ್ಕಲ್ಲ, ನಿಮ್ಮ ಮನೆಯವರಿಗೆ ಮಾತ್ರ ಹೊಂದೋ ಕಾರು ಅನ್ನಿ."

ಭಾವ ಸ್ವಲ್ಪ ಹೊತ್ತು ಯೋಚನೆ ಮಾಡಿ ಪ್ರಾಮಾಣಿಕವಾಗಿ ಹೇಳಿದರು: "ಇಲ್ಲ ಯಜಮಾನ್ರೇ. ನಮ್ಮ ಮನೆಯವರಿಗೂ ಹೊಂದಲ್ಲ."

"ಜಾಗ ಬದಲಿಸಿದ್ರೆ ಹತ್ತುತ್ತಾ?" ಇದು ಕಾರಿನ ಯಜಮಾನರು. ಅವರಿಗೆ ನಗು ಬಂದಿರಲಿಲ್ಲ.

"ಹತ್ತುತ್ತೆ."

"ಇನ್ನೊಂದು ಸಲ ಆ ಸದ್ದು ಕೇಳಿದ್ರೆ ಹಗ್ಗ" ಎಂದರು ತಮ್ಮ. ಹಗ್ಗವನ್ನು ಮಾತ್ರ ಸುತ್ತಿ ಲಾರಿಗೆ ಎಸೆದರು.

ಅಕ್ಕ ಬಲಗಡೆ ಕೂತಳು. ಬಾಗಿಲು ಹಾಕುವ ಮೊದಲೇ ಕಣ್ಣು ಮುಚ್ಚಿದಳು. ಒಂದು ಕೈ ಮುಂದಿನ ಸೀಟಿನ ಬೆನ್ನನ್ನು ಹಿಡಿಯಿತು, ಅಂದರೆ ಭಾವನ ಅಂಗಿಯ ಕಾಲರನ್ನೂ ಸೇರಿಸಿ. ಭಾವ ಕುತ್ತಿಗೆ ಬಿಗಿದುಕೊಂಡೇ ಗೇರು ಹಾಕಿದರು. ಕಾರು ಸಮನಾಗಿ ಎದ್ದು ಹೊರಟಿತು. ಮೇಲಿನ ಅರ್ಧ ದಾರಿ ಹತ್ತುವಷ್ಟು ಹೊತ್ತೂ ಅಕ್ಕನ ತುಟಿ ಅಲ್ಲಾಡುತ್ತಿತ್ತು. ದೇವರ ಹೆಸರು ಹೇಳಿಕೊಳ್ಳುತ್ತಿದ್ದಳು ಎಂದು ಅಮ್ಮ ಹೇಳುತ್ತಾಳೆ. ಗಂಡನನ್ನು ಬೈಯುತ್ತಿದ್ದಳು ಎಂದು ಚಿಕ್ಕಪ್ಪ ಹೇಳುತ್ತಾರೆ. ಎರಡೂ ಇದ್ದೀತು. ಮೇಲೆ ಕೂತು ಕೇಳುವವನು ಎರಡನ್ನೂ ಬೇರೆ ಬೇರೆ ಮಾಡಿ ಕೇಳಿಸಿಕೊಳ್ಳಬಲ್ಲ.

ಪ್ರತಿ ಬಲ ತಿರುವಿನಲ್ಲೂ ಎಲ್ಲರೂ ಉಸಿರು ಹಿಡಿದರು. ಸದ್ದಿಲ್ಲ. ತುದಿಯ ಹತ್ತಿರ ಒಂದು ತಿರುವಿದೆ, ಲಾರಿಗಳು ಅಲ್ಲಿ ಒಂದು ಸಲ ಹಿಂದೆ ಬಂದೇ ತಿರುಗಬೇಕು. ಅಲ್ಲಿ ಭಾವ ಸ್ಟೇರಿಂಗನ್ನು ಪೂರ್ತಿ ಬಲಕ್ಕೆ ತಿರುಗಿಸಿದರು. ಕಾರು ಎಡಕ್ಕೆ ವಾಲಿತು, ಇನ್ನೂ ವಾಲಿತು. ಅಮ್ಮನ ಡಬ್ಬಿಯ ಮುಚ್ಚಳ ಠಣ್ ಎಂದಿತು, ಅಷ್ಟೇ. ಟೈರು ಮೌನವಾಗಿ ದಾಟಿತು. ಅದು ದೇವರ ದಯೆ ಎಂಬುದು ನನ್ನ ನಂಬಿಕೆ. ಚಿಕ್ಕಪ್ಪನ ತೂಕ ಎಂಬುದು ಭಾವನ ವಾದ. ಚಿಕ್ಕಪ್ಪನನ್ನು ಅಷ್ಟು ತೆಳ್ಳಗೆ ಮಾಡಿದವರು ಯಾರು ಎಂದು ನಾನು ಕೇಳಿದರೆ ಭಾವ ಎದ್ದು ಹೋಗಿ ಯಾವುದೋ ನಟ್ಟು ಬಿಗಿಮಾಡುತ್ತಾರೆ.

ತುದಿಯಲ್ಲಿ ಇಳಿದು ಕಾದರು. ಲಾರಿ ಬರಲೇ ಇಲ್ಲ. ಬಹಳ ಹೊತ್ತಿನ ಮೇಲೆ ಇಬ್ಬರು ಯಜಮಾನರು ಏದುಸಿರು ಬಿಡುತ್ತ ನಡೆದುಕೊಂಡು ಬಂದರು. ನಗುವ ಭರದಲ್ಲಿ ಲಾರಿಗೆ ನೀರು ಹಾಕುವುದನ್ನೇ ಮರೆತಿದ್ದರು. ಊರಿಗೆಲ್ಲ ನೀರೆತ್ತಿ ಕೊಡುವವರ ಲಾರಿ ನೀರಿಲ್ಲದೆ ಕುದಿದು ಕೆಳಗೆ ನಿಂತಿತ್ತು. ಅಮ್ಮ ಡಬ್ಬಿ ತೆರೆದು ಇಬ್ಬರಿಗೂ ಬುತ್ತಿ ಕೊಟ್ಟಳು. ಪಂಪಿನ ಯಜಮಾನರು ತಿಂದು, ಕೈ ತೊಳೆದು, ಚೊಚ್ಚಲಿನ ಸುತ್ತ ಒಂದು ಸುತ್ತು ಹಾಕಿ, ಹಸಿರು ಬಾಗಿಲನ್ನು ತಟ್ಟಿದರು.

"ಮಾಡಿ" ಎಂದರು ಅಣ್ಣನಿಗೆ. ಆಮೇಲೆ ಭಾವನ ಕಡೆ ತಿರುಗಿ, "ಎರಡೂ ಕಡೆ ಸ್ಪ್ರಿಂಗು ಒಂದೇ ಇರಲಿ, ಗಟ್ಟಿಯಾಗಿರಲಿ. ಜನ ಸುಳ್ಳು ಹೇಳ್ತಾರೆ ಅಂತ ಲೆಕ್ಕ ಹಿಡಿದೇ ಮಾಡಿ" ಎಂದರು.

ಭಾವ ಹೂಂಗುಟ್ಟಿದರು. ಅಕ್ಕ ಆಗಲೇ ಬಂಡೆಗೆ ಬೆನ್ನು ಕೊಟ್ಟು ಕೂತು ಕಾಲು ಒತ್ತಿಕೊಳ್ಳುತ್ತಿದ್ದಳು. ಭಾವ ಹೋಗಿ ಪಕ್ಕದಲ್ಲಿ ಕೂತರು. ಕೂರುವ ಕಲ್ಲನ್ನು ಅಲ್ಲಾಡಿಸಿ ನೋಡಲಿಲ್ಲ, ಅದು ಅಕ್ಕನ ಗಮನಕ್ಕೆ ಬಂತು.

"ನೀವೇ ಹೇಳಬಹುದಿತ್ತಲ್ಲ" ಎಂದಳು.

"ಹೇಗೆ ಹೇಳಲಿ?"

"ಕಾರು ಹೋಗ್ತಿತ್ತಲ್ರೀ."

"ಹೋಗ್ಲಿ ಅಂದುಕೊಂಡೆ."

ಈ ಮಾತನ್ನು ನನಗೆ ಹೇಳಿದ್ದು ಅಕ್ಕ ಮಾತ್ರ. ಭಾವನನ್ನು ಕೇಳಿದರೆ ಅಂಥದ್ದೇನೂ ಆಡಿಲ್ಲ ಎನ್ನುತ್ತಾರೆ, ಕೈ ಒರೆಸಿಕೊಳ್ಳುತ್ತಾರೆ.

ಇಳಿಯುವಾಗಲೂ ಎಲ್ಲರೂ ಅದೇ ಜಾಗದಲ್ಲಿ ಕೂತರು, ಬೇರೆ ದಾರಿಯಿರಲಿಲ್ಲ. ಆದರೆ ಹೋಗುವಾಗ ಬಲಕ್ಕಿದ್ದ ಪ್ರಪಾತ ಬರುವಾಗ ಎಡಕ್ಕೆ ಬಂತು. ಅಕ್ಕನ ಕಿಟಕಿಯಲ್ಲಿ ಬಂಡೆ, ಬಂಡೆಯ ಮೇಲೆ ಹುಲ್ಲು, ಹುಲ್ಲಿನಲ್ಲಿ ಸಣ್ಣ ಹಳದಿ ಹೂ. ಅವಳು ಕಣ್ಣು ಬಿಟ್ಟು ದಾರಿಯುದ್ದಕ್ಕೂ ನೋಡುತ್ತ ಬಂದಳು. ಎಷ್ಟು ಚೆನ್ನಾಗಿದೆ, ಮೊದಲೇ ಏಕೆ ಕರೆದುಕೊಂಡು ಬರಲಿಲ್ಲ ಎಂದು ಗಂಡನ ಕಿವಿ ತಿಂದಳು.

ಅವಳ ಪಕ್ಕದಲ್ಲಿ, ಎಡಗಡೆ, ಗಟ್ಟಿ ಮೂಳೆಯ ಚಿಕ್ಕಪ್ಪ ಅಳತೆಪಟ್ಟಿಯನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡು, ಕಣ್ಣು ಮುಚ್ಚಿ ಕೂತಿದ್ದರು. ನೀರಿನ ತೊಟ್ಟಿಯ ಹತ್ತಿರ ಚಹಾದಂಗಡಿಯವಳು ಬಗ್ಗಿ ನೋಡಿ, "ಇವರು ಮಾತ್ರ ಇಷ್ಟು ದಿನ ಇದ್ದ ಹಾಗೇ ಇದ್ದಾರೆ" ಎಂದಳಂತೆ.